ಕಲ್ಲುಮರಿಗೆಗೆ ಬಂದ ಬೆಕ್ಕು

ಸತ್ತವರು ಬಂದಿದ್ದರು, ಬಾಗಿಲಲ್ಲಿ ನಿಂತಿದ್ದರು ಎಂದು ಯಾರಾದರೂ ಶುರು ಮಾಡಿದರೆ, ಹಿಂದಿನ ದಿನ ಏನು ತಿಂದಿದ್ದಿರಿ ಎಂದು ನಾನು ಮೊದಲು ಕೇಳುತ್ತಿದ್ದೆ. ಹೊಟ್ಟೆ ಕೆಟ್ಟರೆ ತಲೆಗೆ ದೆವ್ವ ಏರುತ್ತದೆ ಎಂಬುದು ನನ್ನ ಸ್ವಂತ ಗಾದೆ. ಬಂಗಾರಪೇಟೆ ತಾಲ್ಲೂಕಿನ ಪಶು ಆಸ್ಪತ್ರೆಗಳಲ್ಲಿ ಬಹಳ ವರ್ಷ ಕಾಂಪೌಂಡರ್ ಆಗಿದ್ದವನು ನಾನು. ಕಣ್ಣಿನ ಗುಡ್ಡೆಗೆ ಬೆರಳು ತಾಗಿಸಿ, ಒಸಡು ಬಿಡಿಸಿ ನೋಡಿ, ಎದೆಗೆ ಕಿವಿಯಿಟ್ಟು ಇದು ಮುಗಿಯಿತು ಎಂದರೆ ಮುಗಿದ ಹಾಗೆಯೇ. ಸತ್ತದ್ದಕ್ಕೂ ಬದುಕಿದ್ದಕ್ಕೂ ಇರುವ ವ್ಯತ್ಯಾಸ ಹೇಳುವುದರಲ್ಲಿ ನಾನು ಎಂದೂ ತಪ್ಪಿದವನಲ್ಲ. ಆ ಜಂಬ ಒಂದೇ ಸಂಜೆಯಲ್ಲಿ ಇಳಿಯಿತು. ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮ ಕಡೆಯ ಬಂಡೆಗುಡ್ಡಗಳಲ್ಲಿ ಒಂದು ಪುಟ್ಟ ಕಾಡುಬೆಕ್ಕು ಇತ್ತು. ಊರ ಬೆಕ್ಕಿಗಿಂತಲೂ ಚಿಕ್ಕದು, ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆ, ಹಣೆಯಲ್ಲಿ ನಾಮ ಎಳೆದಂತೆ ಬಿಳಿ ಗೆರೆ. ಗಡಿಯ ತೆಲುಗು ಬಾಯಲ್ಲಿ ಅದು ನಾಮಾಲ ಪಿಲ್ಲಿ. ಕಲ್ಲು ಒಡೆಯುವವರು ಬಂಡೆ ಸಿಡಿಸಿ ಸಿಡಿಸಿ ಅದರ ನೆಲೆಯೇ ಅಳಿದು, ಕಂಡವರೇ ಇಲ್ಲ ಎನ್ನುವಂತಾಗಿತ್ತು. ಯಾರೋ ಪುಣ್ಯಾತ್ಮರು ಐದು ಮರಿಗಳನ್ನು ಬೋನಿನಲ್ಲಿ ಸಾಕಿ ದೊಡ್ಡವು ಮಾಡಿ, ಕಾಮಸಮುದ್ರದ ಆಚೆಯ ಗುಡ್ಡದಲ್ಲಿ ಬಿಟ್ಟರು. ಅವುಗಳಿಗೆ ರೋಗ ರುಜಿನ ಬರುತ್ತದೆಯೇ ಎಂದು ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕಾಗಿದ್ದ. ಗುಡ್ಡ ಹತ್ತುವ ಕಾಲು, ಸಗಣಿಗೆ ಹೇಸದ ಕೈ ಎರಡೂ ಇದ್ದ ನನ್ನನ್ನು ಕಳಿಸಿದರು.

ಪ್ರತಿ ಬೆಕ್ಕಿನ ಕೊರಳಲ್ಲೂ ಬೆರಳಗಲದ ಪಟ್ಟಿ, ಅದರಲ್ಲಿ ಸಣ್ಣದೊಂದು ಯಂತ್ರ. ನನ್ನ ಹೆಗಲಿಗೆ ಒಂದು ರೇಡಿಯೊ ಪೆಟ್ಟಿಗೆ, ಕೈಯಲ್ಲಿ ಏರಿಯಲ್. ತಿರುಗಣೆಯನ್ನು ಒಂದಕ್ಕಿಟ್ಟರೆ ಒಂದನೆಯ ಬೆಕ್ಕು, ಎರಡಕ್ಕಿಟ್ಟರೆ ಎರಡನೆಯದು, ಹೀಗೆ ಐದರವರೆಗೆ. ಬದುಕಿ ಓಡಾಡುತ್ತಿದ್ದರೆ ಟಕ್ ಟಕ್ ಎಂದು ನಿಧಾನವಾಗಿ ಬಡಿಯುತ್ತದೆ. ಅರ್ಧ ದಿನ ಅಲುಗಾಡದೆ ಬಿದ್ದಿದ್ದರೆ ಬಡಿತ ಎರಡು ಪಟ್ಟು ಜೋರಾಗುತ್ತದೆ, ಅಂದರೆ ಸತ್ತಿದೆ. ಗುರುತಿಗೆಂದು ಎಡಗಿವಿಯ ತುದಿಯಲ್ಲಿ ಒಂದೊಂದಕ್ಕೆ ಒಂದೊಂದು ಬಗೆಯ ಕಚ್ಚು ಹಾಕಿದ್ದೆ. ನಾಲ್ಕನೆಯದಕ್ಕೆ ಕತ್ತರಿ ಜಾರಿ ಕಚ್ಚು ಸೊಟ್ಟಗಾಗಿತ್ತು. ಹಿಕ್ಕೆ ಆರಿಸುವುದು, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಬಂಗಾರಪೇಟೆಯಿಂದ ರೈಲಿಗೆ ಹಾಕುವುದು, ದೂರದಿಂದ ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು, ಇಷ್ಟೇ ಕೆಲಸ. ಬೆಂಗಳೂರಿನ ದೊಡ್ಡ ಡಾಕ್ಟರು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು: ನೋಡು, ಬರೆ, ಕಳಿಸು; ಮದ್ದು ಕೊಡಬೇಡ. ಹಿಡಿಯಹೋದರೆ ಗಾಬರಿಗೇ ಸಾಯುತ್ತವೆ, ಮೇಲಾಗಿ ಕಾಡಿನದು ಕಾಡಿನಲ್ಲಿ ತಾನಾಗಿ ಉಳಿಯಬೇಕು ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು.

ಗುಡ್ಡದ ಬುಡದ ಹಳ್ಳಿಯಲ್ಲಿ ಕಟ್ಟಕಡೆಯ ಮನೆ ಮುನಿವೆಂಕಟಮ್ಮನದು. ಅರವತ್ತು ದಾಟಿದ ಹೆಂಗಸು, ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದಳು. ಹಸು ಈದರೆ ಮೊದಲ ಗಿಣ್ಣನ್ನು ಮನೆಯವರು ಮುಟ್ಟುವ ಮುಂಚೆ ಕೊಟ್ಟಿಗೆಯ ಹಿಂದಿನ ಕಲ್ಲುಮರಿಗೆಗೆ ಸುರಿಯುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಮರಿಗೆಯೆಂದರೆ ಬೋಗುಣಿಯಷ್ಟು ಗಾತ್ರದ ಕಲ್ಲಿನ ಬಟ್ಟಲು. "ಬಾಯಿಲ್ದಿದ್ದುಕ್ಕೆ ಮೊದ್ಲು, ಬಾಯಿರೋರ್ಗೆ ಆಮೇಲೆ" ಎನ್ನುತ್ತಿದ್ದಳು. ಒಂದು ಸಲ ಹಾಗೆ ಸುರಿದ ಗಿಣ್ಣಿಗೆ ಗುಡ್ಡದಿಂದ ನಾಲ್ಕನೆಯ ಬೆಕ್ಕು ಇಳಿದು ಬಂತು.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ಕಾಡುಬೆಕ್ಕು ಊರಿನ ಹಾಲಿಗೆ ಬಾಯಿ ಹಾಕಬಾರದು, ಇನ್ನು ಮೇಲೆ ಸುರಿಯಬೇಡ ಎಂದು ನಾನು ಆಗಲೇ ಅನ್ನಬೇಕಿತ್ತು. ಹಾಗೆ ಅನ್ನುವುದರ ಬದಲು, "ಅಮ್ಮಾ, ಗಿಣ್ಣಿಲ್ಲದಿದ್ದರೆ ಹಾಲೇ ಆದೀತು, ದಿನಾ ಒಂದು ಲೋಟ ಸುರಿ" ಎಂದೆ. ಬಿಸಿಲಲ್ಲಿ ಏರಿಯಲ್ ಹೊತ್ತು ಗುಡ್ಡ ಸುತ್ತುವುದಕ್ಕಿಂತ ಕೊಟ್ಟಿಗೆ ಜಗಲಿಯಲ್ಲಿ ಅವಳು ಕೊಟ್ಟ ಕಾಫಿ ಕುಡಿಯುತ್ತಾ ಬೆಕ್ಕಿನ ಕಣ್ಣು ಮೂಗು ನೋಡಿ ಬರೆದುಕೊಳ್ಳುವುದು ಎಷ್ಟು ಸಲೀಸು! ನನ್ನ ಬರಹ ಚೆನ್ನಾಗಿದೆ, ಬಹಳ ವಿವರವಾಗಿದೆ ಎಂದು ದೊಡ್ಡ ಡಾಕ್ಟರು ಮೆಚ್ಚಿ ಕಾಗದ ಬರೆದರು. ವಿವರದ ಗುಟ್ಟು ನನಗೂ ಮುನಿವೆಂಕಟಮ್ಮನಿಗೂ ಮಾತ್ರ ಗೊತ್ತಿತ್ತು.

ಆ ಮರಿಗೆಗೆ ಅವಳ ಮನೆಯ ಬೆಕ್ಕೂ ಬಾಯಿ ಹಾಕುತ್ತಿತ್ತು. ಒಂದು ದಿನ ಅದು ವಾಂತಿ ಮಾಡಿಕೊಂಡು ಒಲೆಯ ಪಕ್ಕ ಮುದುಡಿ ಮಲಗಿತ್ತು. ನೋಡಿದೊಡನೆ ಗೊತ್ತಾಯಿತು. ಬೆಕ್ಕಿನಿಂದ ಬೆಕ್ಕಿಗೆ ಹರಡುವ ಕಾಯಿಲೆ ಅದು. ಒಮ್ಮೆ ಪಾತ್ರೆಗೆ ಅಂಟಿದರೆ ತಿಂಗಳುಗಟ್ಟಲೆ ಉಳಿದಿರುತ್ತದೆ, ಬೂದಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಮರಿಗೆಯನ್ನು ಬೋರಲು ಹಾಕಿ, ಇನ್ನು ಮೇಲೆ ಒಂದು ತೊಟ್ಟೂ ಸುರಿಯಕೂಡದು ಎಂದೆ. ಕಾಲ ಮಿಂಚಿತ್ತು. ಮನೆಯ ಬೆಕ್ಕು ಸತ್ತ ಮೂರನೆಯ ದಿನ ನಾಲ್ಕನೆಯದು ಹಟ್ಟಿಯ ನೀರಿನ ತೊಟ್ಟಿಯ ಬಳಿ ಬಂದು ಕೂತಿತು. ನೀರಿನ ಮೇಲೆ ತಲೆ ಬಾಗಿಸಿ, ತೊಟ್ಟಿಯ ಅಂಚಿಗೆ ಗದ್ದ ಊರಿ, ಕುಡಿಯಲಾರದೆ ನೀರನ್ನೇ ನೋಡುತ್ತಾ ಕೂತಿತ್ತು. ಆ ರೋಗ ಬಂದ ಬೆಕ್ಕುಗಳು ಕೂರುವುದೇ ಹಾಗೆ. ಬಾಯಾರಿಕೆ ಇರುತ್ತದೆ, ಗುಟುಕು ಇಳಿಯುವುದಿಲ್ಲ.

ನನ್ನ ಚೀಲದಲ್ಲಿ ಕರುಗಳಿಗೆ ಹಾಕುವ ಸಲೈನ್ ಬಾಟಲಿ ಇತ್ತು, ಸೂಜಿ ಇತ್ತು. ಬೆಕ್ಕಿಗೂ ನನಗೂ ನಡುವೆ ನಾಲ್ಕು ಮಾರು. ಬಸ್ಸು ಹಿಡಿದು ಬಂಗಾರಪೇಟೆಗೆ ಓಡಿ ದೊಡ್ಡ ಡಾಕ್ಟರಿಗೆ ಫೋನು ಮಾಡಿದೆ. "ಮುಟ್ಟಬೇಡಪ್ಪಾ. ಬರೆದುಕೋ" ಎಂದರು. ಅವರ ದನಿಯೂ ಕುಗ್ಗಿತ್ತು. ನಾನು ವಾಪಸು ಬಂದು ಬರೆದುಕೊಂಡೆ. ಮರಿಗೆಯ ವಿಷಯ ಮಾತ್ರ ಫೋನಿನಲ್ಲಿ ಹೇಳಲಿಲ್ಲ.

ಮಾರನೆಯ ಮಧ್ಯಾಹ್ನ ಬಡಿತ ಎರಡು ಪಟ್ಟಾಯಿತು. ಬಂಡೆಯ ಸಂದಿಯಲ್ಲಿ ಸೆಟೆದು ಬಿದ್ದಿತ್ತು. ಕಣ್ಣು ಮುಟ್ಟಿದೆ, ಒಸಡು ನೋಡಿದೆ, ಅಭ್ಯಾಸಬಲದಿಂದ ಎದೆಗೆ ಕಿವಿಯನ್ನೂ ಇಟ್ಟೆ. ಕೊರಳಪಟ್ಟಿ ಬಿಚ್ಚಿದೆ. ಪಟ್ಟಿಗೆ ಒಂದು ಅಯಸ್ಕಾಂತದ ಚೂರು ಅಂಟಿಸಿದರೆ ಯಂತ್ರ ನಿಲ್ಲುತ್ತದೆ. ಅಂಟಿಸಿ ದಾರದಿಂದ ಬಿಗಿದೆ, ಬಡಿತ ನಿಂತಿತು. ಮೊಳಕಾಲುದ್ದ ಗುಂಡಿ ತೋಡಿ, ಸುಣ್ಣ ಸುರಿದು ಮುಚ್ಚಿ, ನರಿ ಕೆದಕದಂತೆ ಮೇಲೆ ಕಲ್ಲು ಹೇರಿದೆ. ಮುನಿವೆಂಕಟಮ್ಮ ಗುಡ್ಡದವರೆಗೂ ಬಂದು ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ನಾನಾಕಿದ ಆಲೇ ಅಲ್ವಾ ಡಾಕ್ಟ್ರಪ್ಪಾ?" ಎಂದು ಕೇಳಿದಳು. ನಾನು ಹೇಳಿದ್ದಕ್ಕೆ ನೀನು ಹಾಕಿದೆ ಎಂದು ಒಂದು ಮಾತು ಹೇಳಬೇಕಿತ್ತು. ಇನ್ನೊಂದು ಕಲ್ಲು ತಂದು ಗುಂಡಿಯ ಮೇಲೆ ಹೇರಿದೆ.

ನನ್ನ ಜಂಬ ಇಳಿದ ಆ ಸಂಜೆ ಬಂದದ್ದು ಅದರ ಮಾರನೆಯ ದಿನ. ಮೊದಲ ಮೂರು ಬೆಕ್ಕುಗಳು ಇದಕ್ಕೂ ಮುಂಚೆಯೇ ಸತ್ತಿದ್ದವು. ಐದನೆಯದಾದರೂ ಉಳಿದಿದೆಯೇ ಎಂದು ಬೆಳಗಿನಿಂದ ಗುಡ್ಡ ಅಲೆದು, ಏನೂ ಕೇಳಿಸದೆ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯ ಜಗಲಿಗೆ ಬಂದು ಕುಸಿದೆ. ಬೆಳಕು ಇನ್ನೂ ಚೆನ್ನಾಗಿತ್ತು. ಒಳಗೆ ಮುನಿವೆಂಕಟಮ್ಮ ಹಾಲು ಕರೆಯುವ ಸದ್ದು. ಗಾಳಿ ಈ ಕಡೆಗಿದ್ದುದರಿಂದ ಕೆ.ಜಿ.ಎಫ್. ಗಣಿಯ ಸೈರನ್ ಕೂಗು ಸಣ್ಣಗೆ ಕೇಳಿಸಿತು. ನನ್ನ ಬೆರಳು ಹಳೆಯ ರೂಢಿಯಂತೆ ತಿರುಗಣೆಯನ್ನು ನಾಲ್ಕಕ್ಕೆ ಹೊರಳಿಸಿತು.

ಟಕ್. ಟಕ್. ನಿಧಾನವಾಗಿ, ಬದುಕಿರುವ ಬೆಕ್ಕಿನ ಬಡಿತ.

ಅಯಸ್ಕಾಂತ ಜಾರಿರಬೇಕು ಎಂದುಕೊಂಡು ಚೀಲದಿಂದ ಪಟ್ಟಿ ತೆಗೆದೆ. ದಾರ ಬಿಗಿದದ್ದು ಬಿಗಿದಂತೆಯೇ ಇತ್ತು. ಪಟ್ಟಿ ಕೈಯಲ್ಲಿ ಹಿಡಿದೇ ತಲೆಯೆತ್ತಿದರೆ, ಬೋರಲು ಹಾಕಿದ ಮರಿಗೆಯ ಮುಂದೆ ಬೆಕ್ಕು ಕೂತಿತ್ತು. ಹಣೆಯಲ್ಲಿ ನಾಮ. ಬರಿಗೊರಳು, ಪಟ್ಟಿ ಒತ್ತಿ ಕೂದಲು ಸವೆದ ಗೆರೆ. ಎಡಗಿವಿಯಲ್ಲಿ ನನ್ನ ಕತ್ತರಿ ಜಾರಿದ ಸೊಟ್ಟ ಕಚ್ಚು. ಕಣ್ಣು ಮಾತ್ರ ಸ್ವಚ್ಛವಾಗಿತ್ತು, ರೋಗದ ಮುಂಚೆ ಇದ್ದ ಹಾಗೆ. ಅದು ಮರಿಗೆಯ ತಳದ ಮೇಲೆ ಗದ್ದ ಊರಿ ಕಾಯುತ್ತಿತ್ತು.

ಮುನಿವೆಂಕಟಮ್ಮ ಹಾಲಿನ ತಂಬಿಗೆ ಹಿಡಿದು ಹೊರಗೆ ಬಂದವಳು ಅಲ್ಲೇ ನಿಂತಳು. ಅವಳಿಗೂ ಕಂಡಿತು, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹೆದರಲಿಲ್ಲ. ಮೆಲ್ಲಗೆ, "ಬಂದೈತೆ ನೋಡು ನಾಯ್ನಾ. ಆಲು ಆಕ್ಲಾ?" ಎಂದಳು.

ನನ್ನ ಫಜೀತಿ ನೀವೇ ಯೋಚಿಸಿ. ಅದು ಬೇರೆ ಯಾವುದೋ ಬೆಕ್ಕಾಗಿದ್ದರೆ, ಆ ಮರಿಗೆಯಲ್ಲಿ ಹಾಲು ಕೊಡುವುದೆಂದರೆ ಗೊತ್ತಿದ್ದೂ ಅದನ್ನು ಕೊಂದ ಹಾಗೆ. ಅದು ನಾಲ್ಕನೆಯದೇ ಆಗಿದ್ದರೆ, ಬಾಯಾರಿ ಸತ್ತದ್ದು ಬಾಯಾರಿಯೇ ಬಂದಿದೆ. ಇನ್ನೊಂದು ಪಾತ್ರೆ ತಾ ಎನ್ನಲು ಕೂಡ ನನಗೆ ಹೊಳೆಯಲಿಲ್ಲ. ಹಾಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕೈ ತಾನಾಗಿ ಪುಸ್ತಕ ತೆಗೆಯಿತು. ನಾನು ಬರೆದುಕೊಳ್ಳುತ್ತಾ ಕೂತೆ. ಸಲೈನ್ ಬಾಟಲಿ ಪಕ್ಕದಲ್ಲಿದ್ದಾಗ ಮಾಡಿದ್ದನ್ನೇ ಎರಡನೆಯ ಸಲವೂ ಮಾಡಿದೆ.

ಬೆಕ್ಕು ಸ್ವಲ್ಪ ಹೊತ್ತು ಕಾದು ಎದ್ದಿತು. ನಮ್ಮಿಬ್ಬರನ್ನೂ ನೋಡಲಿಲ್ಲ. ಹಿತ್ತಿಲಿನ ಕಲ್ಲುಗೋಡೆಯ ಗುಂಟ ಗುಡ್ಡದ ಕಡೆ ನಡೆಯಿತು. ಅದು ದೂರವಾದಂತೆ ಪೆಟ್ಟಿಗೆಯ ಬಡಿತ ಕ್ಷೀಣಿಸುತ್ತಾ ಹೋಗಿ ನಿಂತಿತು. ಪಟ್ಟಿ ನನ್ನ ಅಂಗೈಯಲ್ಲೇ ಇತ್ತು.

ಬೆಳಗಾಗುತ್ತಲೇ ಗುಂಡಿಯ ಬಳಿಗೆ ಹೋದೆ. ಹೇರಿದ ಕಲ್ಲು ಕದಲಿರಲಿಲ್ಲ. ಎರಡು ಕಲ್ಲು ಸರಿಸಿ ಮಣ್ಣು ಕೆದಕಿದೆ. ಸುಣ್ಣ, ಅದರ ಕೆಳಗೆ ಚುಕ್ಕೆಯ ಮೈ, ಸೊಟ್ಟ ಕಚ್ಚಿನ ಕಿವಿ. ಇಟ್ಟ ಹಾಗೆಯೇ ಇತ್ತು. ಮತ್ತೆ ಮುಚ್ಚಿ ಬಂದೆ. ನಾಲ್ಕು ದಿನ ನಿದ್ದೆಗೆಟ್ಟಿದ್ದೆ, ಮನಸ್ಸು ಚುಚ್ಚುತ್ತಿತ್ತು, ಕಂಡದ್ದೆಲ್ಲ ಅದರ ಆಟ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಹಾಗಾದರೆ ಮುನಿವೆಂಕಟಮ್ಮನಿಗೆ ಕಂಡದ್ದು ಯಾರ ಮನಸ್ಸಿನ ಆಟ? ಪೆಟ್ಟಿಗೆ ಕೆಟ್ಟಿರಬಹುದು ಎಂದು ಬೆಂಗಳೂರಿಗೆ ಕಳಿಸಿದೆ. ಏನೂ ಕೆಟ್ಟಿಲ್ಲ ಎಂದು ತಿರುಗಿ ಬಂತು.

ಐದನೆಯದು ಸಿಗಲೇ ಇಲ್ಲ, ಆ ಕೆಲಸವೂ ಅಲ್ಲಿಗೇ ಮುಗಿಯಿತು. ಆಮೇಲೆ ಕರು ನೋಡಲು ಆ ಹಳ್ಳಿಗೆ ಹೋದಾಗಲೆಲ್ಲ ಮುನಿವೆಂಕಟಮ್ಮ ಬೇರೆ ಮಾತು ಮುಗಿಸಿ ಕೊನೆಗೆ ಅಲ್ಲಿಗೇ ಬರುತ್ತಿದ್ದಳು. "ನೀನು ಊಂ ಅಂದಿದ್ರೆ ಆಕ್ತಿದ್ದೆ ಡಾಕ್ಟ್ರಪ್ಪಾ. ಆಲು ನನ್ ಕೈಯಾಗೇ ಇತ್ತು" ಎನ್ನುತ್ತಿದ್ದಳು. ದೂರುವ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ. ನನಗೆ ಅದೇ ಹೆಚ್ಚು ನೋಯುತ್ತಿತ್ತು.

ಆ ಪುಸ್ತಕ ಪರಿಶೀಲನೆಗೆ ಹೋಗಿ ತಿರುಗಿ ಬಂದದ್ದು ಈಗಲೂ ನನ್ನ ಹತ್ತಿರ ಇದೆ. ಆ ಸಂಜೆಯ ಪುಟದಲ್ಲಿ ನನ್ನ ಅಕ್ಷರದಲ್ಲಿ ನಾಲ್ಕು ಸಾಲಿವೆ. "ನಾಲ್ಕನೆಯದು ಬಂದಿತ್ತು. ಕಣ್ಣು ಸ್ವಚ್ಛ. ನಡಿಗೆ ಸರಿ. ಹಾಲು ಕೊಡಲಿಲ್ಲ." ಸತ್ತ ಬೆಕ್ಕಿನ ಹೆಸರಿನಲ್ಲಿ ಬರೆದದ್ದು ಕೈತಪ್ಪು ಎಂದು ದೊಡ್ಡ ಡಾಕ್ಟರು ಮೊದಲ ಮೂರು ಸಾಲುಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ನಾಲ್ಕನೆಯ ಸಾಲನ್ನು ಯಾಕೋ ಹಾಗೆಯೇ ಬಿಟ್ಟಿದ್ದಾರೆ.