ಕೊಡದೆ ಉಳಿಸಿಕೊಂಡ ಅರ್ಜಿ

ನಮ್ಮ ಹುಳು ಮನೆಯ ಮಧ್ಯಾಹ್ನ ಬೇರೆ ಕಡೆಯ ಮಧ್ಯಾಹ್ನದ ಹಾಗಿರುವುದಿಲ್ಲ. ನೊಣ ಬಾರದಿರಲೆಂದು ಕಿಟಕಿಗೆ ಹಸಿರು ಬಲೆ ಕಟ್ಟಿರುತ್ತೇವೆ. ಬಿಸಿಲು ಅದರಲ್ಲಿ ಸೋಸಿಕೊಂಡು ಒಳಗೆ ಬರುವಷ್ಟರಲ್ಲಿ ಕೆರೆಯ ನೀರಿನ ಬಣ್ಣಕ್ಕೆ ತಿರುಗಿರುತ್ತದೆ. ತಟ್ಟೆಗಳ ತುಂಬ ರೇಷ್ಮೆ ಹುಳು, ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿರುತ್ತವೆ. ನೋಡಲು ಬಂದವರು ಆ ಸದ್ದು ಮಳೆ ಹುಯ್ದ ಹಾಗಿದೆ ಎನ್ನುತ್ತಾರೆ. ನಮ್ಮ ಶ್ರೀನಿವಾಸಪುರದ ಕಡೆ ಅಷ್ಟು ಹೊತ್ತು ಬಿಡದೆ ಮಳೆ ಹುಯ್ದದ್ದನ್ನು ನಾನಂತೂ ಕಂಡಿಲ್ಲ. ನನಗೆ ಅದು ಪಕ್ಕದ ಕೋಣೆಯಲ್ಲಿ ಯಾರೋ ಹೊಸ ಸೀರೆ ಮಡಿಸುತ್ತಿರುವ ಹಾಗೆ ಕೇಳುತ್ತದೆ. ಮಡಿಸಿ ಮುಗಿಯುವುದೇ ಇಲ್ಲ.

ನನ್ನ ಮೊಮ್ಮಗಳು ಎರಡು ವರ್ಷ ಆ ಸದ್ದಿನೊಳಗೆ ಕೂತು ಪಿಯುಸಿ ಓದಿದಳು. ಮನೆಯಲ್ಲಿ ತಣ್ಣಗಿರುವ ಜಾಗ ಅದೊಂದೇ. ಅವಳು ಜೀವಶಾಸ್ತ್ರದ ಪುಸ್ತಕ ಹಿಡಿದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುವುದು, ನಾನು ಗೋಡೆಗೊರಗಿ ತೂಕಡಿಸುವುದು. ಒಂದು ಸಲ ಹುಳುಗಳೆಲ್ಲ ತಲೆಯೆತ್ತಿ ಇಂಗ್ಲಿಷು ಮಾತಾಡಿದ ಹಾಗೆ ಕನಸು ಬಿತ್ತು. ಅರ್ಥವೂ ಆಗುತ್ತಿತ್ತು. ಎದ್ದ ಮೇಲೆ ಒಂದಕ್ಷರವೂ ನೆನಪಿರಲಿಲ್ಲ.

"ಅಜ್ಜಿ, ಮಲಗ್ಬಿಟ್ಟೆ."

"ಇಲ್ಲ ಕಣೇ, ಕೇಳಿಸ್ಕೊಂತಿದ್ದೆ."

"ಹಂಗಾದ್ರೆ ಹೇಳು, ಏನೋದಿದೆ?"

"ನಿನಗೇ ಗೊತ್ತಿಲ್ದಿದ್ದು ನನ್ನನ್ಯಾಕೆ ಕೇಳ್ತೀಯ?"

ನಾನು ಓದಿದ್ದು ಮೂರನೇ ಕ್ಲಾಸು. ಅವಳು ಹತ್ತರವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ, ಪಿಯುಸಿಗೆ ವಿಜ್ಞಾನ ತಗೊಂಡಳು. ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಎಂಟನೇ ಕ್ಲಾಸಿನಲ್ಲಿದ್ದಾಗ ರೇಷ್ಮೆ ಇಲಾಖೆಯ ಒಬ್ಬ ಹೆಣ್ಣುಮಗಳು ಸ್ಕೂಟರಿನಲ್ಲಿ ಬಂದು ನಮ್ಮ ಹುಳು ನೋಡಿ, ಇಷ್ಟುದ್ದದ ಪಟ್ಟಿಯಲ್ಲಿ ಏನೇನೋ ಬರೆದುಕೊಂಡು ಹೋಗಿದ್ದಳು. ಅವತ್ತಿನಿಂದ ಇವಳಿಗೆ ಕೃಷಿ ಕಾಲೇಜಿನ ಹುಚ್ಚು.

ಮೊದಲನೇ ವರ್ಷದ ಮೊದಲನೇ ಟೆಸ್ಟಿನಲ್ಲಿ ಭೌತಶಾಸ್ತ್ರದಲ್ಲೂ ಗಣಿತದಲ್ಲೂ ಫೇಲಾದಳು. ಹತ್ತನೇ ಕ್ಲಾಸಿನಲ್ಲಿ ಶಾಲೆಗೇ ಎರಡನೆಯವಳಾಗಿದ್ದವಳು. ಅನ್ನ ಬಿಟ್ಟಳು, ಮಾತು ಬಿಟ್ಟಳು. ಮೂರನೆಯ ದಿನ ತಾನೇ ಒಂದು ಅರ್ಜಿ ಬರೆದಳು. ವಿಜ್ಞಾನ ಬೇಡ, ಆರ್ಟ್ಸಿಗೆ ಹಾಕಿಕೊಡಿ, ಕನ್ನಡದಲ್ಲೇ ಓದುತ್ತೇನೆ ಎಂದು. ಕೆಳಗೆ ಅವಳ ಸಹಿ. ಮನೆಯ ಹಿರಿಯರೊಬ್ಬರು ಸಹಿ ಹಾಕಿ ಖುದ್ದಾಗಿ ಕೊಡಬೇಕಂತೆ. ನನ್ನ ಮಗ ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟಿನಲ್ಲಿದ್ದ. ಸೊಸೆಗೆ ಹುಳು ಬಿಟ್ಟು ಬರಲಾಗದು.

"ಕೊಟ್ಟು ಬನ್ನಿ ಅತ್ತೆ," ಎಂದಳು ಸೊಸೆ. "ಸುಲಭದ್ದು ಓದಿ ಒಳ್ಳೇ ಮಾರ್ಕ್ಸ್ ತಗೊಳ್ಳಲಿ. ಎಲ್ಲೋದ್ರೂ ಮಾರ್ಕ್ಸ್ ತಾನೇ ಕೇಳೋದು."

ನನಗೂ ಅದೇ ಸರಿ ಅನ್ನಿಸಿತು. ಸಹಿ ಹಾಕಿದೆ. ಮಡಿಸಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಬೆಳಗ್ಗೆ ಮಂಜಿತ್ತು. ಮಾವಿನ ತೋಪುಗಳು ಕಾಲೇ ಇಲ್ಲದ ಹಾಗೆ ತೇಲುತ್ತಿದ್ದವು, ಬಸ್ಸೂ ತೇಲುತ್ತಿತ್ತು. ಆ ದಾರಿ ಮುಗಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದು ನನಗೆ ನೆನಪಿದೆ. ಸ್ಟಾಪು ಬಂತು, ಇಳಿದೆ.

ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಡಂ ಅರ್ಜಿ ಓದಿ, ಮುಂದೆ ಏನಾಗಬೇಕೆಂದಿದ್ದಾಳೆ ಎಂದು ಕೇಳಿದರು. ಹೇಳಿದೆ.

"ಆರ್ಟ್ಸ್ ಕೆಟ್ಟದ್ದು ಅಂತಲ್ಲ ಅಜ್ಜಿ. ಮಾರ್ಕ್ಸೂ ಜಾಸ್ತಿ ಬರುತ್ತೆ. ಆದ್ರೆ ಕೃಷಿ ಕಾಲೇಜಲ್ಲಿ ಆ ಮಾರ್ಕ್ಸ್ ಕಾರ್ಡ್ ಬಿಚ್ಚೂ ನೋಡಲ್ಲ. ಇದರಲ್ಲಿ ಅರವತ್ತು ತೆಗೆದ್ರೂ ಸಾಲಲ್ಲಿ ನಿಲ್ಲಬಹುದು. ಅದರಲ್ಲಿ ತೊಂಬತ್ತು ತೆಗೆದ್ರೂ ಆ ಸಾಲೇ ಬೇರೆ."

ನಾವು ಮಾವಿನ ಊರಿನವರು, ನನಗೆ ತಕ್ಷಣ ತಿಳಿಯಿತು. ಬಾದಾಮಿ ಕೇಳಿಕೊಂಡು ಮಾವಿನ ಮಂಡಿಗೆ ಬಂದವನ ಮುಂದೆ ಎಷ್ಟು ದಪ್ಪ ತೋತಾಪುರಿ ಸುರಿದರೂ ಅವನು ಕೈ ಹಾಕುವುದಿಲ್ಲ. ತೋತಾಪುರಿಯದೇನೂ ತಪ್ಪಿಲ್ಲ.

"ಫೇಲಾದ್ರೆ?"

"ಒಂದು ವರ್ಷ ಹೋಗುತ್ತೆ. ನಾನು ಸುಳ್ಳು ಹೇಳಲ್ಲ. ಬದಲಾಯಿಸೋಕೆ ಈ ವಾರ ಪೂರ್ತಿ ಟೈಮಿದೆ, ಮನೆಗೋಗಿ ಅವಳನ್ನೇ ಕೇಳಿ."

ಅರ್ಜಿ ವಾಪಸ್ಸು ಚೀಲದೊಳಗೆ ಹೋಯಿತು. ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿದ್ದದ್ದು ಮೊಮ್ಮಗಳಲ್ಲ, ಹುಳುವಿನ ಜ್ವರ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ಆಗ ಅದು ತಿನ್ನುವುದಿಲ್ಲ, ತಲೆಯೆತ್ತಿ ಸುಮ್ಮನೆ ನಿಲ್ಲುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ನಾನೊಬ್ಬಳೇ ಇದ್ದೆ. ಹುಳುಗಳೆಲ್ಲ ತಲೆಯೆತ್ತಿ ನನ್ನನ್ನೇ ಬೇಡುತ್ತಿವೆ ಅನ್ನಿಸಿತು. ಪಾಪ, ಹಸಿದಿವೆ ಎಂದು ತಟ್ಟೆ ತುಂಬ ಸೊಪ್ಪು ಹಾಕಿದೆ. ಮೊದಲು ಜ್ವರ ಬಿಟ್ಟು ಎದ್ದವು ತಿಂದು ದಪ್ಪಗಾದವು, ಏಳದಿದ್ದವು ಸೊಪ್ಪಿನಡಿ ಸಿಕ್ಕಿ ಬೂಸಲು ಹಿಡಿದವು. ಗೂಡು ಕಟ್ಟುವ ಹೊತ್ತಿಗೆ ತಟ್ಟೆಯಲ್ಲಿ ಒಂದರ ಹಾಗೆ ಇನ್ನೊಂದಿರಲಿಲ್ಲ. ನಮ್ಮತ್ತೆ ಬೈಯಲಿಲ್ಲ. ಆ ತಟ್ಟೆಯನ್ನು ತೊಳೆಯಲು ನನಗೇ ಕೊಟ್ಟರು.

ಮೇಡಂ ಅವಳನ್ನೇ ಕೇಳಿ ಅಂದಿದ್ದರು. ನಾನು ಕೇಳಲಿಲ್ಲ. ಕೇಳಿದರೆ ಏನನ್ನುತ್ತಾಳೆ ಎಂದು ಗೊತ್ತಿತ್ತು.

ಮನೆಗೆ ಬಂದಾಗ ಬಾಗಿಲಲ್ಲೇ ನಿಂತಿದ್ದಳು. "ಕೊಟ್ಯಾ?"

"ತಗೊಳ್ಳಲಿಲ್ಲ. ದಿನ ಮುಗಿದೋಯ್ತಂತೆ."

"ಈ ವಾರ ಪೂರ್ತಿ ಐತೆ ಅಂದಿದ್ರಲ್ಲ?"

"ಅಂದಿದ್ದು ಅವರಿಗೇ ನೆನಪಿಲ್ಲ, ನಾನೇನ್ಮಾಡ್ಲಿ. ಊರ್ಕೋ, ಸುಮ್ನಿರು." ಸಿಟ್ಟು ಬಂದರೆ ನನ್ನ ಬಾಯಲ್ಲಿ ತೆಲುಗು ಬರುತ್ತದೆ. ಸುಳ್ಳು ಹೇಳುವಾಗಲೂ ಬರುತ್ತದೆ ಎಂದು ಅವತ್ತು ತಿಳಿಯಿತು.

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಸೊಸೆ ತಟ್ಟೆಯಲ್ಲಿ ಮುದ್ದೆ ಹಿಡಿದು ಹೊರಟಳು. ಬೇಡ, ಬಿಡು ಅಂದೆ. ಮಾರನೆಯ ದಿನವೂ ಬೇಡ ಅಂದೆ. ಸೊಸೆ ನನ್ನನ್ನು ಕಲ್ಲು ನೋಡಿದ ಹಾಗೆ ನೋಡಿದಳು. ಅದರ ಮಾರನೆಯ ಬೆಳಗ್ಗೆ ಹುಡುಗಿ ತಾನಾಗಿ ಎದ್ದು, ಕುಡುಗೋಲು ತಗೊಂಡು ಸೊಪ್ಪು ಕೊಯ್ಯಲು ಬಂದಳು. ಮಧ್ಯಾಹ್ನ ಪುಸ್ತಕ ಹಿಡಿದು ಹುಳು ಮನೆಗೆ ಬಂದಳು.

ಆಮೇಲಿನ ಎರಡು ವರ್ಷ ನನಗೆ ಬಿಡಿಬಿಡಿಯಾಗಿ ನೆನಪಿದೆ. ಹಸಿರು ಬೆಳಕು, ಸೀರೆ ಮಡಿಸುವ ಸದ್ದು, ನಡುವೆ ಅವಳ ದನಿ. ಓದಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ನನಗೆ ಹೇಳುತ್ತಿದ್ದಳೋ ತನಗೇ ಹೇಳಿಕೊಳ್ಳುತ್ತಿದ್ದಳೋ. ನಿದ್ದೆಗೂ ಎಚ್ಚರಕ್ಕೂ ನಡುವೆ ನಾನು ಒಂದು ಎಲೆಯೊಳಗೆ ಹೋಗಿ ನೀರು ಹತ್ತುವುದನ್ನು ನೋಡಿ ಬಂದಿದ್ದೇನೆ. ಅರ್ಜಿ ನನ್ನ ಟ್ರಂಕಿನಲ್ಲಿ ಸೀರೆಗಳಡಿ ಇತ್ತು. ಅವಳು ಫೇಲಾದರೆ ಅದನ್ನು ತೆಗೆದು ಅವಳ ಕೈಗೆ ಕೊಟ್ಟು, ನಿನ್ನ ವರ್ಷ ಕಳೆದವಳು ನಾನು ಎನ್ನಬೇಕೆಂದು ಇಟ್ಟುಕೊಂಡಿದ್ದೆ.

ಪಾಸಾದಳು. ಅಷ್ಟೇ, ಹೆಚ್ಚೇನಿಲ್ಲ. ಪಕ್ಕದ ಬೀದಿಯ ಹುಡುಗಿ ಆರ್ಟ್ಸಿನಲ್ಲಿ ರಾಶಿ ಮಾರ್ಕ್ಸು ತೆಗೆದಳು. ಅವಳ ಫೋಟೋ ಫ್ಲೆಕ್ಸಿನಲ್ಲಿ ಬಸ್ ಸ್ಟಾಪಿನ ಮೇಲೆ ನಿಂತಿತು. ಸೊಸೆ ಒಂದು ಸಲ ಫ್ಲೆಕ್ಸ್ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು. ಆ ಒಂದು ತಿಂಗಳು ನನಗೆ ಊಟ ರುಚಿಸಲಿಲ್ಲ.

ರೈತರ ಮಕ್ಕಳಿಗೆ ಕೃಷಿ ಕಾಲೇಜಿನವರು ಬೇರೆ ಒಂದು ಪರೀಕ್ಷೆ ಇಡುತ್ತಾರೆ, ಕೈಯಲ್ಲಿ ಮಾಡಿ ತೋರಿಸುವುದು. ಅದಕ್ಕೆ ಹೋಗಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು. "ಸಾಮೆ ಇಟ್ಟಿದ್ರು, ನವಣೆ ಅಂದ್ಬಿಟ್ಟೆ."

"ಮನೇಲಿ ಎರಡೂ ಇಟ್ಕೊಂಡು?"

"ಒಂದು ತಟ್ಟೇಲಿ ಹುಳ ಇಟ್ಟು, ಪಕ್ಕದಲ್ಲಿ ಸೊಪ್ಪಿಟ್ಟಿದ್ರು. ಮೇಯಿಸಿ ಅಂದ್ರು. ನನ್ನ ಮುಂದಿದ್ದೋರೆಲ್ಲ ಹಾಕ್ತಿದ್ರು. ತಲೆ ಎತ್ತಿದ್ವು ಅಜ್ಜಿ. ನಾನು ಹಾಕ್ಲಿಲ್ಲ."

ಅದರಿಂದಲೇ ಸೀಟು ಬಂತು ಎಂದು ನಾನು ಹೇಳುವುದಿಲ್ಲ. ಕೊನೆಯ ಪಟ್ಟಿಯಲ್ಲಿ ಬಂತು. ಸೊಸೆ ಪಾಯಸ ಮಾಡಿದಳು, ನನಗೆ ಎರಡು ಸಲ ಬಡಿಸಿದಳು.

ಆ ವಾರ ಹೊಸ ಬೆಳೆಯ ಮರಿ ಹುಳು ತಟ್ಟೆಗೆ ಹಾಕಿದ್ದೆವು. ಮರಿಗಳ ಕೆಳಗೆ ಕಾಗದ ಹಾಸಬೇಕು. ಹಳೇ ಪೇಪರು ಸಾಲಲಿಲ್ಲ. ಟ್ರಂಕು ತೆಗೆದು, ಅರ್ಜಿ ಬಿಡಿಸಿ ಒಂದು ಮೂಲೆಗೆ ಹಾಸಿದೆ. ಇನ್ನು ಅದರಿಂದ ಬೇರೆ ಕೆಲಸವಿರಲಿಲ್ಲ.

ಹಾಸ್ಟೆಲ್ಲಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ತಟ್ಟೆ ಶುಚಿ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಹಸಿರು ಬೆಳಕಿನಲ್ಲಿ ಬಗ್ಗಿ ಓದಿದಳು. ಅವಳ ಅಕ್ಷರ, ಅವಳ ಸಹಿ, ಪಕ್ಕದಲ್ಲಿ ನನ್ನ ಸೊಟ್ಟ ಸಹಿ. ಅದರ ಮೇಲೆ ಎಳ್ಳಿನಷ್ಟಷ್ಟೇ ಹುಳುಗಳು.

"ಅಜ್ಜಿ, ಇದನ್ನ ಕೊಡಲೇ ಇಲ್ವಾ ನೀನು?"

"ಇಲ್ಲ."

ಕೆಳಗೆ ಮರಿಗಳು ಒಂದೊಂದಾಗಿ ಅಲುಗಾಡತೊಡಗಿದ್ದವು, ಅವುಗಳ ಮೊದಲನೇ ಜ್ವರ ಬಿಟ್ಟಿತ್ತು.

"ಹುಳ ಎದ್ದವೆ," ಅಂದೆ. "ಹೋಗು, ಎಳೇ ಸೊಪ್ಪು ಕಿತ್ಕೊಂಡು ಬಾ."

ಬುಟ್ಟಿ ತಗೊಂಡು ಹೋದಳು.