ಬಿಳಿಕಲ್ಲಿಗೆ ಹಾಕಿದ ಏಟು

1962ರ ದಸರಾ ಸಮಯ. ಉರಿಗಾಂನ ನಮ್ಮ ಲೈನಿನ, ಅಂದರೆ ಕೂಲಿಮನೆಗಳ ಸಾಲಿನ, ಚಿನ್ನದ ಗಣಿ ಕೆಲಸಗಾರರು ಹದಿನಾರು ಜನ ಸೇರಿ, ಬಂಗಾರಪೇಟೆಯಲ್ಲಿ ಒಂದು ವ್ಯಾನು ಗೊತ್ತುಮಾಡಿಕೊಂಡು ಬಂಡೀಪುರದ ಕಾಡು ನೋಡಲು ಹೊರಟೆವು. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಮೈಸೂರು ಮೈನ್ಸಿನ ಆಳದಲ್ಲಿ ಕಲ್ಲು ಕೊರೆಯುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಜಂಭ ನನಗಿತ್ತು.

ಮರುದಿನ ಬೆಳಿಗ್ಗೆ ಕಾಡಿನೊಳಗೆ ಹೋದಾಗ ಮರಿಯೊಡನೆ ನಾಲ್ಕು ಆನೆಗಳು ದಾರಿ ದಾಟಿದವು. ಕತ್ತಲಲ್ಲಿ ದುಡಿಯುವ ನಮಗೆ ಆ ಹಸಿರು ಎಷ್ಟು ನೋಡಿದರೂ ಸಾಲಲಿಲ್ಲ. ಮಧ್ಯಾಹ್ನ, ನಮಗೆ ದಾರಿ ತೋರಿಸುತ್ತಿದ್ದ ಮಾದ ತನ್ನ ಹಾಡಿಗೆ ಕರೆದುಕೊಂಡು ಹೋದ. ಹಾಡಿ ಎಂದರೆ ಕಾಡುಕುರುಬರ ಹತ್ತು ಗುಡಿಸಲು. ಸುಟ್ಟ ಗೆಣಸು, ಜೇನು ಕೊಟ್ಟು, ಡೋಲು ಬಡಿದು ಕುಣಿದು ತೋರಿಸಿದರು.

ನಾನೂ ನನ್ನ ಜೊತೆಗಾರ ಮುನಿಸ್ವಾಮಿಯೂ ಬೀಡಿ ಸೇದಲು ಗುಡಿಸಲುಗಳ ಹಿಂದಕ್ಕೆ ಹೋದೆವು. ಮರದ ಬುಡದಲ್ಲಿ ಸಣ್ಣ ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಒಂದು ಮಾತ್ರ ಬಿಳಿ. ನಮ್ಮ ಗಣಿಯಲ್ಲಿ ಚಿನ್ನ ಅಡಗಿರುವುದು ಅಂಥ ಕಲ್ಲಿನಲ್ಲೇ. ಅದು ಕಂಡರೆ ಒಡೆದು ನೋಡದೆ ನಮ್ಮ ಕೈ ಸುಮ್ಮನಿರುವುದಿಲ್ಲ.

“ಇದ್ರಾಗೆ ಐತೋ ಇಲ್ವೋ, ಒಂದೇ ಏಟ್ಗೆ ಯೇಳ್ತೀನಿ ನೋಡ್ಲಾ,” ಎಂದೆ.

“ಇಲ್ಲೂ ಡ್ಯೂಟಿ ಸುರು ಮಾಡ್ದೇನ್ಲಾ? ಬಾರ್ಲಾ ಸಾಕು,” ಎಂದು ಮುನಿಸ್ವಾಮಿ ನಕ್ಕ.

ಬೇರೊಂದು ಕಲ್ಲೆತ್ತಿ ಹೊಡೆದೆ. ಮೂಲೆ ಕಿತ್ತುಬಂತು. ಒಳಗೆ ಏನೂ ಇಲ್ಲ. ಹಾರಿದ ಚೂರು ನನ್ನ ಹೆಬ್ಬೆರಳನ್ನೇ ಸೀಳಿತು.

ಅಂಗಳಕ್ಕೆ ಬಂದಾಗ ಒಬ್ಬ ಮುದುಕಿ ರಕ್ತ ನೋಡಿ ಓಡಿಬಂದಳು. ಯಾವುದೋ ಸೊಪ್ಪು ಅರೆದು ಹಿಂಡಿ, ತನ್ನ ಸೆರಗಿನ ಅಂಚು ಹರಿದು ಕಟ್ಟಿದಳು. “ಏನಾಯ್ತು ಮಗಾ?” ಎಂದು ಕೇಳಿದಳು.

“ಮುಳ್ಳು ತರಚ್ತು ತಾಯಿ,” ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು!

ನೆಂಟರಿಗೆ ಕೊಟ್ಟ ಮೇಲೆ ಸತ್ತವರಿಗೂ ಒಂದು ಹನಿ ಜೇನು ಬಿಡುವುದು ಅವರ ಪದ್ಧತಿಯಂತೆ. ಉಳಿದ ಜೇನು ಹಿಡಿದು ಆ ಮುದುಕಿ ಗುಡಿಸಲುಗಳ ಹಿಂದಕ್ಕೆ ಹೋದಳು. ಮರುಕ್ಷಣವೇ ಅವಳ ಕೂಗು ಕೇಳಿ ಎಲ್ಲರೂ ಓಡಿದೆವು. ಅವಳು ಆ ಬಿಳಿಕಲ್ಲನ್ನು ಎರಡು ಕೈಯಲ್ಲೂ ತಬ್ಬಿ ಕೂತಿದ್ದಳು.

“ಇದು ಇವಳ ಮಗಂದು,” ಎಂದ ಮಾದ. “ಸತ್ತೋರಿಗೆ ಒಂದೊಂದು ಕಲ್ಲು ನೆಡ್ತೀವಿ ನಾವು. ಇದನ್ನ ಹೊಳೆಯಿಂದ ಇವಳೇ ಹುಡುಕಿ ತಂದದ್ದು. ನಿಮ್ಮಲ್ಲಿ ಯಾರಾದರೂ ಮುಟ್ಟಿದ್ರಾ?”

“ಸೊಲ್ಲುಡಾ, ಯೇಳ್ಬಿಡ್ಲಾ,” ಎಂದು ಮುನಿಸ್ವಾಮಿ ತಮಿಳು, ಕನ್ನಡ ಎರಡರಲ್ಲೂ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಹದಿನಾಲ್ಕು ಜನ ಜೊತೆಗಾರರು ಸುತ್ತ ನಿಂತಿದ್ದರು. ಅವರ ಮುಂದೆ ಸಣ್ಣವನಾಗಲು ನನ್ನ ಮನಸ್ಸು ಒಪ್ಪಲಿಲ್ಲ.

ಮುದುಕಿಯೇ ಕಣ್ಣೊರೆಸಿಕೊಂಡು ಎದ್ದಳು. “ಬಿಡು ಮಾದ, ಆನೆ ಗೀನೆ ತುಳಿದಿರಬೇಕು. ಮನೆಗೆ ಬಂದೋರನ್ನ ಹಂಗೆ ಕೇಳಬಾರದು,” ಎಂದಳು. ನಾನು ವ್ಯಾನು ಹತ್ತುವಾಗ ಹತ್ತಿರ ಬಂದು, “ಎರಡು ದಿನ ಕೈಗೆ ನೀರು ಸೋಕಿಸಬೇಡ ಮಗಾ,” ಎಂದಳು. ಹೂಂ ಎಂದು ತಲೆಯಾಡಿಸಿ ಹತ್ತಿ ಕೂತೆ.

ಮುನಿಸ್ವಾಮಿ ನನ್ನ ಪಕ್ಕ ಕೂರಲಿಲ್ಲ. ಬಂಗಾರಪೇಟೆಯಲ್ಲಿ ಇಳಿದಾಗ, “ನೀನು ಯೇಳ್ತೀಯಾ ಅಂತ ಕಾದೆ ಕಣ್ಲಾ,” ಎಂದಷ್ಟೇ ಹೇಳಿದ.

ಗಣಿಯಲ್ಲಿ ಬಂಡೆ ಸಿಡಿದಾಗಲೂ ಜೊತೆಯವರನ್ನು ಬಿಟ್ಟು ಓಡಿದವನಲ್ಲ ನಾನು. ಆದರೆ ಆ ಮುದುಕಿಯ ಮುಂದೆ ‘ನಾನೇ ಹೊಡೆದೆ, ತಪ್ಪಾಯಿತು’ ಎನ್ನುವ ಧೈರ್ಯ ಬರಲಿಲ್ಲ. ಇಷ್ಟು ವರ್ಷದ ಮೇಲೆ ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ. ನೀವೆಲ್ಲ ಓದುತ್ತೀರಿ. ಕೇಳಬೇಕಾಗಿದ್ದವಳು ಅವಳೊಬ್ಬಳೇ.