ಹಾರ್ಡ್ ಡಿಸ್ಕಿನ ಮೇಲಿನ ವಿಭೂತಿ

ನಿಲಂಗಾದ ಕೋರ್ಟಿನೆದುರು ನನ್ನದೊಂದು ಟೈಪಿಂಗ್ ಅಂಗಡಿ. ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಬಂದ ಅವ್ವ, "ಇದರ ಜೀವ ಎಲ್ಲದಪ್ಪಾ?" ಎಂದು ಕೇಳಿ, ಹಳೆಯ ಕಂಪ್ಯೂಟರಿನ ಡಬ್ಬಿ ಬಿಚ್ಚಿಸಿ, ಹಾರ್ಡ್ ಡಿಸ್ಕಿನ ಮೇಲೆಯೇ ಮೂರು ಬೆರಳಿನಿಂದ ಹಸಿ ವಿಭೂತಿ ಎಳೆದಿದ್ದಳು.

ಚಳಿಗಾಲದಲ್ಲಿ ಅದು ಶುರುವಾಗುವುದನ್ನೇ ನಿಲ್ಲಿಸಿತು. ಡಿಸ್ಕೇ ಸಿಗುತ್ತಿಲ್ಲ ಎಂದು ಕಪ್ಪು ಪರದೆ ಹೇಳುತ್ತಿತ್ತು. ಕೇಬಲ್ ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ, ಆಗಲಿಲ್ಲ. ಉದಗೀರದಲ್ಲಿ ರಿಪೇರಿ ಮಾಡುವ ಬಾಲ್ಯದ ಗೆಳೆಯನಿಗೆ ಒಯ್ದು ಕೊಟ್ಟೆ.

"ಡಿಸ್ಕ್ ಸತ್ತದೋ, ಒಗದಬಿಟ್ಟೀನಿ," ಎಂದು ಬೇರೊಂದು ಹಾಕಿಕೊಟ್ಟ. ಮಗಳ ಎಳೆತನದ ಫೋಟೋಗಳೆಲ್ಲ ಅದರಲ್ಲಿದ್ದವು. ನಾನು ಅಲ್ಲೇ ಅತ್ತುಬಿಟ್ಟೆ. ಅವನೇ ಚಹಾ ತರಿಸಿ ಸಮಾಧಾನ ಹೇಳಿದ!

ಮೊನ್ನೆ ಹೋದಾಗ ಅವನ ಸ್ವಂತ ಕಂಪ್ಯೂಟರಿನ ಮುಚ್ಚಳ ತೆರೆದಿತ್ತು. ಒಳಗೆ ಗುಂಯ್‌ಗುಡುತ್ತಿದ್ದ ಡಿಸ್ಕಿನ ಮೇಲೆ ಅವ್ವನ ಬೆರಳಿನ ವಿಭೂತಿ.

"ಇದು ನಂದಲ್ಲೇನೋ? ಫೋಟೋ ಎಲ್ಲಿ ಅವ?"

"ಕೇಬಲ್ ಅಷ್ಟೇ ಕೆಟ್ಟಿತ್ತು," ಎಂದ, ತಲೆ ಎತ್ತದೆ. "ಫೋಟೋ ಅವಾಗೇ ಅಳಿಸೀನಿ."

"ಮತ್ತ ವಿಭೂತಿ ಯಾಕ ಬಿಟ್ಟಿ?"

"ದೇವರದ್ದು ಹೆಂಗ ಒರಸಲೋ? ಪಾಪ ಹತ್ತತದ."